ವೈಸ್ ಸಿಟಿಯ ವಲಸಿಗರು

ವಿಡಿಯೋ ಗೇಮ್‌ಗೆಲ್ಲಾ ವಿಮರ್ಶೆ ಯಾಕೆ ಸ್ವಾಮಿ ಅಂತ ಕೇಳುವವರಿದ್ದಾರೆ. ಸಿನಿಮಾದ ಹಾಗೆ ಕಥೆ, ಪಾತ್ರ, ಸಂಭಾಷಣೆ ಎಲ್ಲ ಇರುವ, ಲಕ್ಷಾಂತರ ಜನ ತಿಂಗಳುಗಟ್ಟಲೆ ಮುಳುಗಿರುವ ವಸ್ತುವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಹೇಗೆ?

2002ರಲ್ಲಿ ರಾಕ್‌ಸ್ಟಾರ್ ಕಂಪನಿ 'ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ' ಹೊರತಂದಿತು. ನಮ್ಮ ಹುಡುಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. 1986ರ ಮಯಾಮಿ ನಗರದ ನಕಲು. ಕಡಲು, ಬಣ್ಣದ ದೀಪ, ಕಾರಿನ ರೇಡಿಯೋ, ಎಲ್ಲ ಸೊಗಸಾಗಿಯೇ ಇದೆ. ಕಥೆಯಲ್ಲಿ ಕ್ಯೂಬಾದವರ ಗ್ಯಾಂಗಿಗೂ ಹೈಟಿಯವರ ಗ್ಯಾಂಗಿಗೂ ಜಗಳ. ಹೈಟಿಯವರನ್ನು ಕೊಲ್ಲು ಎಂಬರ್ಥದ ಮಾತು ಬರುತ್ತದೆ, ಆಡುವವನು ಗುಂಡು ಹಾರಿಸುತ್ತಾನೆ. 2003ರ ಕೊನೆಯಲ್ಲಿ ನ್ಯೂಯಾರ್ಕ್, ಮಯಾಮಿಗಳ ಹೈಟಿ ಜನ ಬೀದಿಗಿಳಿದರು. ಮೇಯರ್ ಬ್ಲೂಮ್‌ಬರ್ಗ್ ಕೂಡ ಖಂಡಿಸಿದರು. ಮುಂದಿನ ಪ್ರತಿಗಳಿಂದ ಆ ಮಾತನ್ನು ತೆಗೆಯುವುದಾಗಿ ಕಂಪನಿ ಆ ಡಿಸೆಂಬರ್‌ನಲ್ಲಿ ಒಪ್ಪಿತು.

ಗ್ಯಾಂಗಿನ ಕಥೆಯಲ್ಲಿ ಎಲ್ಲರೂ ಪುಂಡರೇ, ಇವರಿಗೇನು ವಿಶೇಷ ಎಂದು ಆಟದ ಪರ ವಹಿಸುವವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಾತ್ರಗಳ ಜಮಾ-ಖರ್ಚು ಹಾಕಿ ನೋಡಿ. ಕ್ಯೂಬಾದ ನಾಯಕನಿಗೆ ಒಬ್ಬ ಅಪ್ಪ ಇದ್ದಾನೆ, ಅಪ್ಪನಿಗೊಂದು ಕಾಫಿ ಅಂಗಡಿ ಇದೆ. ಹೈಟಿಯವರ ಕಡೆ ನೆನಪಿನಲ್ಲುಳಿಯುವುದು ಆಂಟಿ ಪೂಲೆ ಎಂಬ ಒಬ್ಬ ಮುದುಕಿ ಮಾತ್ರ. ಅವಳೂ ಮದ್ದು ಹಾಕಿ ಕೆಲಸ ಮಾಡಿಸಿಕೊಳ್ಳುವವಳು. ಉಳಿದವರಿಗೆ ಹೆಸರೂ ಇಲ್ಲ.

ವರ್ಷವನ್ನೂ ಗಮನಿಸಿ. ದೋಣಿಯಲ್ಲಿ ಬರುವ ಹೈಟಿಯವರನ್ನು ಸಮುದ್ರದಲ್ಲೇ ತಡೆದು ವಾಪಸು ಕಳಿಸುವ ಪದ್ಧತಿಯನ್ನು ಅಮೆರಿಕ 1981ರಲ್ಲಿ ಶುರು ಮಾಡಿತ್ತು. ಕ್ಯೂಬಾದವರಿಗೆ ಮಾತ್ರ 1966ರಿಂದಲೇ ಅನುಕೂಲದ ಕಾಯ್ದೆ ಇತ್ತು. 1983ರಲ್ಲಿ ಏಡ್ಸ್ ಅಪಾಯದ ಗುಂಪುಗಳ ಪಟ್ಟಿಗೆ ಇಡೀ ಹೈಟಿ ಜನಾಂಗವನ್ನೇ ಸೇರಿಸಿ, 1985ರಲ್ಲಿ ತೆಗೆದರು. ಮರುವರ್ಷದ ಮಯಾಮಿಯನ್ನು ತೋರಿಸುವ ಆಟಕ್ಕೆ ಆ ಕಾಲದ ಶರ್ಟು, ಹಾಡು ನೆನಪಾದವು. ಈ ಅವಮಾನ ನೆನಪಾಗಲಿಲ್ಲ.

ನಮ್ಮಲ್ಲೂ ಇಂಥದ್ದುಂಟು. 1968ರ 'ಪಡೋಸನ್'ನಲ್ಲಿ ಮೆಹಮೂದ್ ಮಾಡಿದ ದಕ್ಷಿಣದ ಸಂಗೀತ ಮಾಸ್ತರನ್ನು ನೋಡಿದರೆ ಈಗಲೂ ನಗು ಬರುತ್ತದೆ. ಅದು ಗೇಲಿಯೇ, ಸಂಶಯವಿಲ್ಲ. ಆದರೆ ಆ ಮಾಸ್ತರಿಗೆ ಒಂದು ವಿದ್ಯೆ ಇದೆ, ಪ್ರೀತಿಯ ಹಂಬಲ ಇದೆ. ಅದೇ ದಶಕದ ಕೊನೆಗೆ ಮುಂಬೈಯಲ್ಲಿ ಲುಂಗಿಯವರನ್ನು ಓಡಿಸಿ ಎಂಬ ಕೂಗೆದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. 1984ರಲ್ಲಿ ನಾನು ವರ್ಗವಾಗಿ ಇಲ್ಲಿಗೆ ಬಂದಾಗ ಹಳೇ ಹೋಟೆಲಿನ ಯಜಮಾನರು ಅದನ್ನು ಹೇಳುತ್ತಾ ದನಿ ತಗ್ಗಿಸುತ್ತಿದ್ದರು. ಸಿನಿಮಾದಿಂದ ಕಲ್ಲು ಬಿತ್ತು ಎಂದು ನಾನು ಹೇಳುವುದಿಲ್ಲ. ಒಂದು ಜನವನ್ನು ಬರೀ ಒಂದು ಉಡುಪು, ಒಂದು ಉಚ್ಚಾರ ಮಾಡಿಬಿಟ್ಟರೆ ಕಲ್ಲೆಸೆಯುವವನ ಕೈ ತಡೆಯುವುದು ಕಷ್ಟ, ಅಷ್ಟೇ.

ಗೇಮ್ ಆಡಿದ ಮಕ್ಕಳು ಕೊಲೆಗಾರರಾಗುತ್ತಾರೆಯೇ ಎಂಬ ವಾದದಲ್ಲೇ ಇಡೀ ಚರ್ಚೆ ಮುಗಿದುಹೋಗುತ್ತದೆ. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7-2 ಬಹುಮತದಿಂದ ರದ್ದು ಮಾಡಿತು. ಗೇಮಿಗೂ ಪುಸ್ತಕದಷ್ಟೇ ವಾಕ್‌ಸ್ವಾತಂತ್ರ್ಯ ಇದೆ ಎಂದಿತು. ಸರಿ, ನನ್ನದೂ ತಕರಾರಿಲ್ಲ. ಆದರೆ ಪುಸ್ತಕದ ಹಕ್ಕು ಬೇಕಾದರೆ ಪುಸ್ತಕಕ್ಕೆ ಕೇಳುವ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕು: ಈ ಪಾತ್ರ ಮನುಷ್ಯನೋ, ಬರೀ ಗುರಿಯೋ? ಪುಸ್ತಕದಲ್ಲಿ ನಾವು ಓದುತ್ತೇವೆ, ಗೇಮಿನಲ್ಲಿ ಗುಂಡಿ ಒತ್ತುವ ಬೆರಳು ನಮ್ಮದೇ. ಹಾಗಾಗಿ ಅಲ್ಲಿ ಈ ಪ್ರಶ್ನೆ ಇನ್ನೂ ಜೋರಾಗಿ ಕೇಳಬೇಕು. ಕಂಪನಿ ಮಾತೊಂದನ್ನು ಅಳಿಸಲು ಒಪ್ಪಿತು. ಒಂದು ಹೈಟಿ ಮನೆಯನ್ನೋ, ಒಬ್ಬ ಅಂಗಡಿಯವನನ್ನೋ ಕಥೆಗೆ ಸೇರಿಸಲಿಲ್ಲ.

ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗಬೇಕು. 2008ರಲ್ಲಿ ಇದೇ ಮುಂಬೈಯಲ್ಲಿ ಉತ್ತರದ ಟ್ಯಾಕ್ಸಿಯವರಿಗೆ ಹೊಡೆತ ಬಿತ್ತು. ಆಗ ನಮ್ಮವರಲ್ಲಿ ಎಷ್ಟು ಜನ, ಸದ್ಯ ಈ ಸಲ ನಾವಲ್ಲ ಎಂದು ಸುಮ್ಮನಿದ್ದರು, ಯೋಚಿಸಿ.