ಲಬಾನ್‌ನ ಸಣ್ಣ ಸದ್ದುಗಳು

ಐಸ್ ಹಾಕಿಯನ್ನು ಮೊದಲು ಕಿವಿಯಿಂದ ಸವಿಯಬೇಕು. ಟಿವಿಯಲ್ಲಷ್ಟೇ ನೋಡಿದವರಿಗೆ ಈ ಮಾತು ವಿಚಿತ್ರವೆನಿಸೀತು; ಅಲ್ಲಿ ಕಾಮೆಂಟರಿಯವರ ಗಂಟಲು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿರುವ ಲಬಾನ್ ಅರೀನಾದಲ್ಲಿ ಹಾಗಾಗುವುದಿಲ್ಲ. 2012ರಲ್ಲಿ ಬಾಗಿಲು ತೆರೆದ, 2,273 ಜನ ಹಿಡಿಸುವ ಪುಟ್ಟ ರಿಂಕ್ ಅದು. ವಿಶ್ವವಿದ್ಯಾಲಯದ ಮಹಿಳಾ ಹಾಕಿ ತಂಡದ ಮನೆ. ಪಂದ್ಯಕ್ಕೆ ಮುನ್ನ ಆಟಗಾರ್ತಿಯರು ಮೈ ಬಿಸಿಮಾಡಿಕೊಳ್ಳಲು ಸುತ್ತು ಹಾಕತೊಡಗಿದರೆ ಸಾಕು, ಸದ್ದುಗಳು ಒಂದೊಂದೇ ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಅಲಗು ಮಂಜನ್ನು ಸವರಿಕೊಂಡು ಹೋಗುವ ಸರ್‍ರನೆಯ ಸದ್ದು. ಓಟದಲ್ಲಿದ್ದವಳು ಪಾದವನ್ನು ಅಡ್ಡ ತಿರುಗಿಸಿ ಗಕ್ಕನೆ ನಿಂತಾಗ ಮಂಜಿನ ಪುಡಿ ಚಿಮ್ಮುವ ಸದ್ದು. ಗೋಲಿನ ಕಂಬಕ್ಕೆ ತಗುಲಿದ ಪಕ್, ಅಂದರೆ ಆಟದ ಬಿಲ್ಲೆ, ಎಬ್ಬಿಸುವ ಠಣ್, ಅದರ ಬೆನ್ನಿಗೇ ಸಭಿಕರ ನಿಟ್ಟುಸಿರು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಾಸ್ ಬಂದು ಕೋಲಿಗೆ ಕೂರುವ ಸದ್ದು. ರಭಸದಿಂದ ಬರುವ ಪಕ್ಕಿಗೆ ಕೋಲನ್ನು ಬಿಗಿಯಾಗಿ ಒಡ್ಡಿದರೆ ಅದು ಟಪ್ಪೆಂದು ಪುಟಿದು ಆಚೆ ಹೋಗುತ್ತದೆ. ಬಲ್ಲವಳು ಹಾಗೆ ಮಾಡುವುದಿಲ್ಲ. ಪಕ್ ತಾಗುವ ಕ್ಷಣದಲ್ಲಿ ಮಣಿಕಟ್ಟನ್ನು ತುಸು ಸಡಿಲಿಸಿ, ಕೋಲನ್ನು ಒಂದೆರಡು ಅಂಗುಲ ಹಿಂದಕ್ಕೆ ಬಿಟ್ಟುಕೊಡುತ್ತಾಳೆ. ಆಗ ಕೇಳುವುದು ಮೆತ್ತಗಿನ ‘ತುಪ್’ ಮಾತ್ರ. ಕಣ್ಣು ಮುಚ್ಚಿ ಕೂತರೂ ಯಾವ ತಂಡ ಇವತ್ತು ಹದದಲ್ಲಿದೆ ಎಂದು ಹೇಳಿಬಿಡಬಹುದು. ವಿಸ್ಕಾನ್ಸಿನ್ ಹುಡುಗಿಯರು ಹದದಲ್ಲಿದ್ದ ದಿನ ರಿಂಕಿನ ಉದ್ದಕ್ಕೂ ಈ ತುಪ್ ತುಪ್ ತುಪ್ ಸಾಗಿ, ಕೊನೆಗೆ ಬಲೆಯಲ್ಲಿ ಸದ್ದಿಲ್ಲದೆ ಮುಗಿಯುತ್ತದೆ.

ಲಬಾನ್ ಪಕ್ಕದಲ್ಲೇ ಕೋಲ್ ಸೆಂಟರ್ ಎಂಬ ಭಾರೀ ಕ್ರೀಡಾಂಗಣವಿದೆ. ಎರಡಕ್ಕೂ ನೆಲದಡಿಯ ಸುರಂಗದ ನಂಟು. ವರ್ಷಕ್ಕೊಮ್ಮೆ ‘ಫಿಲ್ ದ ಬೌಲ್’ ಎಂದು ಊರಿಗೆಲ್ಲ ಕರೆಕೊಟ್ಟು, ಮಹಿಳಾ ತಂಡದ ಒಂದು ಪಂದ್ಯವನ್ನು ಆ ದೊಡ್ಡ ಮನೆಯಲ್ಲಿ ಆಡಿಸುವ ರೂಢಿ ಬೆಳೆದಿತ್ತು. 2017ರ ಜನವರಿಯಲ್ಲಿ ಸೇಂಟ್ ಕ್ಲೌಡ್ ಸ್ಟೇಟ್ ತಂಡದ ಎದುರಿನ ಪಂದ್ಯಕ್ಕೆ 15,359 ಜನ ಬಂದರು. ಕಾಲೇಜು ಮಹಿಳಾ ಹಾಕಿ ಅಲ್ಲಿಯವರೆಗೆ ಕಂಡಿರದ ಜನಸಾಗರ. ಅದು ಹೆಮ್ಮೆಯ ಸಂಗತಿಯೇ, ಅನುಮಾನವಿಲ್ಲ. ಹೆಣ್ಣುಮಕ್ಕಳ ಆಟವನ್ನು ಯಾರು ನೋಡುತ್ತಾರೆ ಎಂದು ಮೂಗು ಮುರಿಯುವವರಿಗೆ ಆ ಅಂಕಿಯೊಂದೇ ಉತ್ತರ. ಆದರೆ ರಸದ ಮಾತು ಬಂದಾಗ ನನ್ನ ಮತ ಚಿಕ್ಕ ಮನೆಗೇ. ಹಜಾರದಲ್ಲಿ ಮೈಕಿಲ್ಲದೆ ಕೇಳಿದ ವೀಣೆಯನ್ನು ಪೆಂಡಾಲಿನ ಧ್ವನಿವರ್ಧಕದಲ್ಲಿ ಕೇಳಿದರೆ ರಾಗ ಅದೇ ಇರುತ್ತದೆ, ಮೀಟಿನ ಉಗುರು ಮಾತ್ರ ಕಾಣೆಯಾಗಿರುತ್ತದೆ.

ಮಹಿಳೆಯರ ಕಾಲೇಜು ಹಾಕಿಗೆ ಈ ಆಪ್ತತೆ ಬೇಕೇಬೇಕು ಅನ್ನುವುದಕ್ಕೆ ಕಾರಣವಿದೆ. ಗಂಡಸರ ಆಟದಲ್ಲಿ ಎದುರಾಳಿಯನ್ನು ಮೈಯಿಂದ ಗುದ್ದಿ ಗೋಡೆಗೆ ಅಪ್ಪಳಿಸುವುದು ನ್ಯಾಯಸಮ್ಮತ. ಇಲ್ಲಿ ಅದು ತಪ್ಪು, ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆ. ಹಾಗೆಂದು ಇದು ಮುಟ್ಟದೆ ಆಡುವ ಸೌಮ್ಯ ಆಟವೂ ಅಲ್ಲ. ಮೂಲೆಗಳಲ್ಲಿ ಭುಜಕ್ಕೆ ಭುಜ ತಿಕ್ಕಾಡುತ್ತದೆ, ಪಕ್ಕಿಗಾಗಿ ಕೋಲುಗಳು ಹೆಣೆದುಕೊಳ್ಳುತ್ತವೆ. ಆದರೆ ಎದುರಾಳಿಯನ್ನು ಉರುಳಿಸಿ ಪಕ್ ಕಸಿಯುವ ಅಡ್ಡದಾರಿ ಮುಚ್ಚಿದೆಯಾದ್ದರಿಂದ ಅವಳಿಗಿಂತ ಮೊದಲು ಅಲ್ಲಿರಬೇಕು, ಇಲ್ಲವೇ ಅವಳು ಎಲ್ಲಿಗೆ ಹೊರಟಿದ್ದಾಳೆಂದು ಮೊದಲೇ ಓದಿರಬೇಕು. ಆಟವೆಲ್ಲ ಪಾದಕ್ಕೂ ಬುದ್ಧಿಗೂ ಬಂದು ನಿಲ್ಲುತ್ತದೆ.

ಪಾದ ಎಂದೆ. ಸ್ಕೇಟಿನ ಅಲಗು ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆಯಲ್ಲ; ನಡುವೆ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ, ಹಾಗಾಗಿ ಒಂದೇ ಅಲಗಿಗೆ ಒಳಗೊಂದು ಹೊರಗೊಂದು, ಎರಡು ಅಂಚು. ನೇರ ನಿಂತರೆ ಎರಡೂ ಮಂಜನ್ನು ಮುಟ್ಟುತ್ತವೆ, ವಾಲಿದರೆ ಒಂದೇ ಕಚ್ಚುತ್ತದೆ. ತಿರುವಿನಲ್ಲಿ ಒಳ್ಳೆಯ ಆಟಗಾರ್ತಿ ಮೈಯನ್ನು ಎಷ್ಟು ವಾಲಿಸುತ್ತಾಳೆಂದರೆ ಬಿದ್ದೇಬಿಟ್ಟಳು ಎಂದು ನಾವು ಕುರ್ಚಿಯ ತುದಿಗೆ ಬರುತ್ತೇವೆ. ಅವಳೋ ಹೊರ ಅಂಚಿನ ಮೇಲೆ ಇಡೀ ಭಾರ ಹೊರಿಸಿ, ಒಂದು ಕಾಲಿನ ಮೇಲೆ ಇನ್ನೊಂದನ್ನು ದಾಟಿಸುತ್ತ, ತಿರುವಿನಲ್ಲೇ ವೇಗ ಹೆಚ್ಚಿಸಿಕೊಂಡು ಹೊರಬೀಳುತ್ತಾಳೆ. ತಿರುವಿನಲ್ಲಿ ನಿಧಾನಿಸುವುದು ಲೋಕದ ರೂಢಿ. ತಿರುವಿನಲ್ಲೇ ವೇಗ ಕೂಡುವುದನ್ನು ನೋಡುವಾಗ ಆಗುವ ಖುಷಿಗೆ ಮೈಯೇ ಸಾಕ್ಷಿ ಹೇಳುತ್ತದೆ, ತಲೆಗೆ ಅದು ಆಮೇಲೆ ತಿಳಿಯುತ್ತದೆ.

ಪಕ್ಕಿನ ಬಗ್ಗೆ ಒಂದು ಮಾತು. ಗಟ್ಟಿ ರಬ್ಬರಿನ ಈ ಬಿಲ್ಲೆ ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪಂದ್ಯಕ್ಕೆ ಮುಂಚೆ ಇದನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸುತ್ತಾರೆ. ಬೆಚ್ಚಗಿನ ರಬ್ಬರು ಕುಣಿದಾಡುತ್ತದೆ, ತಣ್ಣಗಿನದು ನೆಲ ಕಚ್ಚಿಕೊಂಡು ಸರಾಗ ಜಾರುತ್ತದೆ. ಪ್ರತಿ ವಿರಾಮದಲ್ಲೂ ಜಾಂಬೊನಿ ಯಂತ್ರ ಬಂದು ಗೀರುಬಿದ್ದ ಮೇಲ್ಪದರವನ್ನು ಹೆರೆದು, ಅದರ ಮೇಲೆ ಬಿಸಿನೀರು ಎಳೆದು ಹೋಗುತ್ತದೆ. ಮಂಜಿಗೆ ಬಿಸಿನೀರೇ? ಹೌದು, ಅದು ಹಳೆಯ ಪದರವನ್ನು ಕೂದಲೆಳೆಯಷ್ಟು ಕರಗಿಸಿ ಅದರೊಂದಿಗೇ ಬೆಸೆದುಕೊಳ್ಳುತ್ತದೆ. ಕನ್ನಡಿಯಂಥ ಆ ನೆಲದ ಮೇಲೆ ಮೊದಲ ಗೀರು ಎಳೆಯುವವಳನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು.

ರಿಂಕಿನ ಮಂಜನ್ನು ಯಂತ್ರ ಮಾಡುತ್ತದೆ. ನಿಜವಾದ ಮಂಜು ನೋಡಬೇಕಾದರೆ ಕ್ಯಾಂಪಸ್ಸಿನ ಉತ್ತರದ ಅಂಚಿಗೆ ನಡೆದರಾಯಿತು. ಮ್ಯಾಡಿಸನ್ ಊರಿನ ನಡುಭಾಗ ಮೆಂಡೋಟಾ, ಮೊನೋನಾ ಎಂಬ ಎರಡು ಸರೋವರಗಳ ನಡುವೆ ಸಿಕ್ಕ ಕಿರಿದಾದ ನೆಲಪಟ್ಟಿ. ಇವುಗಳಲ್ಲಿ ದೊಡ್ಡದು, ಸುಮಾರು 40 ಚದರ ಕಿಲೋಮೀಟರ್ ವಿಸ್ತಾರದ ಮೆಂಡೋಟಾ, ವಿಶ್ವವಿದ್ಯಾಲಯದ ಹಿತ್ತಿಲು. ಬೇಸಿಗೆಯಲ್ಲಿ ಮೆಮೋರಿಯಲ್ ಯೂನಿಯನ್ ಕಟ್ಟಡದ ಹಿಂದಿನ ಮೆಟ್ಟಿಲುಗಟ್ಟೆಯ ತುಂಬ ಹಸಿರು, ಹಳದಿ, ಕಿತ್ತಳೆ ಬಣ್ಣದ ಲೋಹದ ಕುರ್ಚಿಗಳು; ಬೆನ್ನಿನಲ್ಲಿ ಸೂರ್ಯಕಿರಣದ ವಿನ್ಯಾಸ. ಕೈಯಲ್ಲಿ ವಿಶ್ವವಿದ್ಯಾಲಯದ ಸ್ವಂತ ಡೇರಿಯ ಬ್ಯಾಬ್‌ಕಾಕ್ ಐಸ್‌ಕ್ರೀಮು. ಹಾಲಿನ ಕೊಬ್ಬನ್ನು ಅಳೆಯುವ ಸುಲಭ ವಿಧಾನವನ್ನು 1890ರಲ್ಲಿ ಇಲ್ಲೇ ಕಂಡುಹಿಡಿದ ಸ್ಟೀಫನ್ ಬ್ಯಾಬ್‌ಕಾಕ್ ಹೆಸರು ಅದು; ಅಂಥ ಊರಿನಲ್ಲಿ ಐಸ್‌ಕ್ರೀಮು ಕಳಪೆಯಾಗಿದ್ದರೆ ಅವಮಾನ.

ಚಳಿಗಾಲದಲ್ಲಿ ಇದೇ ಮೆಂಡೋಟಾ ಗಟ್ಟಿಯಾಗುತ್ತದೆ. ಈ ಸರೋವರ ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು ಎಂಬ ಲೆಕ್ಕವನ್ನು ಇಲ್ಲಿನವರು 1850ರ ದಶಕದಿಂದ ಬರೆದಿಟ್ಟುಕೊಂಡು ಬಂದಿದ್ದಾರೆ. ಇಷ್ಟು ದೊಡ್ಡ ನೀರು ಪೂರ್ತಿ ಹೆಪ್ಪುಗಟ್ಟಿತೆಂದು ಸಾರುವುದು ಹೇಗೆ? ಅದಕ್ಕೊಂದು ಮಜವಾದ ಹಳೆಯ ಒರೆಗಲ್ಲಿದೆ: ಪಿಕ್ನಿಕ್ ಪಾಯಿಂಟಿನಿಂದ ಆಚೆ ದಡದ ಮೇಪಲ್ ಬ್ಲಫ್‌ಗೆ ಬಿಯರ್ ಪೆಟ್ಟಿಗೆಯೊಂದನ್ನು ದೋಣಿಯಲ್ಲಿ ಸಾಗಿಸಲು ದಾರಿಯಿದೆಯೇ ಇಲ್ಲವೇ? ದಾರಿ ಮುಚ್ಚಿದರೆ ಸರೋವರ ಮುಚ್ಚಿದಂತೆ. ಲೆಕ್ಕದ ಪುಸ್ತಕ ಹೇಳುವುದು ಮಾತ್ರ ಅಷ್ಟು ತಮಾಷೆಯಲ್ಲ. 1880–81ರ ಚಳಿಗಾಲದಲ್ಲಿ 161 ದಿನ ಗಟ್ಟಿಯಾಗಿದ್ದ ಮೆಂಡೋಟಾ 2001–02ರಲ್ಲಿ ಗಟ್ಟಿಯಾಗಿದ್ದುದು 21 ದಿನ.

ವಿದ್ಯಾರ್ಥಿಗಳ ಚೇಷ್ಟೆಗೂ ಈ ಮಂಜೇ ವೇದಿಕೆ. 1970ರ ದಶಕದ ಕೊನೆಯಲ್ಲಿ ‘ಪೇಲ್ ಅಂಡ್ ಶವಲ್’ ಎಂಬ ವಿದೂಷಕ ಪಕ್ಷವೊಂದು ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತು, ಗೆದ್ದರೆ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಮ್ಯಾಡಿಸನ್ನಿಗೆ ತರುತ್ತೇವೆ ಎಂದು ಆಶ್ವಾಸನೆ ಕೊಟ್ಟಿತು. ಗೆದ್ದೇಬಿಟ್ಟಿತು. 1979ರ ಫೆಬ್ರುವರಿಯ ಒಂದು ಬೆಳಿಗ್ಗೆ ನೋಡಿದರೆ ಮಂಜುಗಟ್ಟಿದ ಮೆಂಡೋಟಾದ ಮೇಲೆ ದೇವಿಯ ಕಣ್ಣಿನವರೆಗಿನ ತಲೆ, ಪಂಜು ಹಿಡಿದ ಕೈ ಮಾತ್ರ ಕಾಣುತ್ತಿವೆ! ಹೆಲಿಕಾಪ್ಟರಿನಲ್ಲಿ ತರುವಾಗ ಹಗ್ಗ ಕಡಿದು, ದೇವಿ ಮಂಜು ಒಡೆದು ಮುಳುಗಿದಳಂತೆ. ಚುನಾವಣಾ ಆಶ್ವಾಸನೆಯನ್ನು ಇಷ್ಟು ಪ್ರಾಮಾಣಿಕವಾಗಿ ಈಡೇರಿಸಿದ ಪಕ್ಷ ನನಗೆ ಬೇರೊಂದು ಗೊತ್ತಿಲ್ಲ.

ರಿಂಕಿಗೆ ಮರಳೋಣ. 1999ರಲ್ಲಿ ಆಡಲು ತೊಡಗಿದ ಈ ತಂಡ 2006ರಿಂದ 2025ರವರೆಗೆ ಎಂಟು ಬಾರಿ ರಾಷ್ಟ್ರೀಯ ಪ್ರಶಸ್ತಿ ಎತ್ತಿದೆ. ಎಂಟರ ಹಿಂದೆಯೂ ಒಬ್ಬರೇ ತರಬೇತುದಾರರು, ಮಾರ್ಕ್ ಜಾನ್ಸನ್. 2002ರಲ್ಲಿ ಬಂದರು. ಇವರ ತಂದೆ ‘ಬ್ಯಾಜರ್ ಬಾಬ್’ ಜಾನ್ಸನ್ ಇದೇ ವಿಶ್ವವಿದ್ಯಾಲಯದ ಪುರುಷರ ತಂಡವನ್ನು ಬೆಳೆಸಿದವರು. 1977ರಲ್ಲಿ ಅಪ್ಪ ತರಬೇತುದಾರ, ಮಗ ಮೊದಲ ವರ್ಷದ ಆಟಗಾರ, ಪ್ರಶಸ್ತಿ ವಿಸ್ಕಾನ್ಸಿನ್ನಿಗೆ. ಅಪ್ಪ ಉತ್ಸಾಹದ ಬುಗ್ಗೆ. ಮಗ ಪಂದ್ಯದ ಬಿಸಿಯಲ್ಲೂ ಮುಖದ ಗೆರೆ ಅಲುಗಿಸದವರು.

ಮಗನನ್ನು ತಿಳಿಯಲು ಅವರು ಆಡಿದ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನ ಒಂದೇ ಒಂದು ಸೆಕೆಂಡ್ ಸಾಕು. ಅಮೆರಿಕದ ಕಾಲೇಜು ಹುಡುಗರು ಅಜೇಯವೆನಿಸಿದ್ದ ಸೋವಿಯತ್ ತಂಡದೆದುರು 1–2ರಿಂದ ಹಿಂದಿದ್ದಾರೆ. ಮೊದಲ ಅವಧಿ ಇನ್ನೇನು ಮುಗಿಯಿತು. ದೂರದಿಂದ ಬಂದ ಹೊಡೆತವೊಂದು ಜಗದ್ವಿಖ್ಯಾತ ಗೋಲಿ (ಗೋಲ್‌ಕೀಪರ್) ತ್ರೆತ್ಯಾಕ್‌ನ ಪ್ಯಾಡಿಗೆ ತಾಗಿ ಮರಳಿತು. ರಕ್ಷಕರು ಅವಧಿ ಮುಗಿಯಿತೆಂದೇ ಮೈ ಸಡಿಲಿಸಿದರು. ಜಾನ್ಸನ್ ಸಡಿಲಿಸಲಿಲ್ಲ. ಇಬ್ಬರ ನಡುವೆ ನುಸುಳಿ, ಪಕ್ ಹಿಡಿದು, ಹೊಡೆಯುವ ಆತುರ ತೋರದೆ ತ್ರೆತ್ಯಾಕ್‌ನನ್ನು ಒಂದು ಕಡೆ ಸೆಳೆದು ಆಮೇಲೆ ಒಳಗಿಟ್ಟರು. ಗಡಿಯಾರದಲ್ಲಿ ಉಳಿದಿದ್ದುದು ಒಂದೇ ಸೆಕೆಂಡ್. ಮುಂದಿನ ಅವಧಿಗೆ ಸೋವಿಯತ್ ತಂಡ ತ್ರೆತ್ಯಾಕ್‌ನನ್ನೇ ಹೊರಗೆ ಕೂರಿಸಿತು. ಪಂದ್ಯ 4–3ರಿಂದ ಅಮೆರಿಕದ ಪಾಲಾಯಿತು. ಜಾನ್ಸನ್ ಇನ್ನೊಂದು ಗೋಲನ್ನೂ ಹೊಡೆದರು. 27 ವರ್ಷಗಳ ನಂತರ, 2007ರಲ್ಲಿ, ಅದೇ ಲೇಕ್ ಪ್ಲಾಸಿಡ್ಡಿನಲ್ಲಿ ಅವರ ಹುಡುಗಿಯರು ತಮ್ಮ ಎರಡನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದರು.

ಆ ಫೈನಲ್ಲಿಗಿಂತ ಅದಕ್ಕೆ ಮುಂಚಿನ ಕ್ವಾರ್ಟರ್‌ಫೈನಲ್ ದೊಡ್ಡ ಕಥೆ. ಎದುರಾಳಿ ಹಾರ್ವರ್ಡ್. ಅರವತ್ತು ನಿಮಿಷ ಮುಗಿದರೂ ಗೋಲಿಲ್ಲ. ಇಪ್ಪತ್ತು ನಿಮಿಷದ ಹೆಚ್ಚುವರಿ ಅವಧಿ ಒಂದು ಮುಗಿಯಿತು, ಎರಡು, ಮೂರು. ನಾಲ್ಕನೆಯದರಲ್ಲಿ ಜಿನೆಲ್ ಜಾಗ್ ಹೊಡೆದ ಒಂಟಿ ಗೋಲು ಆಟ ಮುಗಿಸಿತು. ಎರಡು ಗಂಟೆಗೂ ಮೀರಿದ ಆಟದಲ್ಲಿ ವಿಸ್ಕಾನ್ಸಿನ್ ಗೋಲಿ ಜೆಸ್ಸಿ ವೆಟರ್ ಒಂದನ್ನೂ ಬಿಡಲಿಲ್ಲ.

ಗೋಲಿಯರ ಮಾತೆತ್ತಿದರೆ ಕ್ವಿಬೆಕ್ಕಿನ ಆನ್-ರೆನೆ ಡೆಬಿಯನ್ ಎದುರು ನಿಲ್ಲುತ್ತಾಳೆ. 2015–16ರ ಒಂದೇ ಋತುವಿನಲ್ಲಿ 21 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ. ನಾಲ್ಕು ವರ್ಷದ ಒಟ್ಟು ಲೆಕ್ಕದಲ್ಲಿ 55 ಸೊನ್ನೆಗಳು, ಪಂದ್ಯಕ್ಕೆ ಸರಾಸರಿ ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಅವಳ ಸೊಗಸು ಚಮತ್ಕಾರದ ಹಾರಾಟದಲ್ಲಿರಲಿಲ್ಲ. ಪಕ್ ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದಳು. ಹೊಡೆತ ನೇರ ಎದೆಗೆ ಬಂದು ಬೀಳುತ್ತಿತ್ತು. ನೋಡುವವರಿಗೆ ಹೊಡೆದವಳೇ ತಪ್ಪಿದಳು ಅನಿಸುತ್ತಿತ್ತು. ಇಂಥವಳಿಗೆ ತಂಡದೊಂದಿಗೆ ರಾಷ್ಟ್ರೀಯ ಪ್ರಶಸ್ತಿ ಕೊನೆಗೂ ದಕ್ಕಲಿಲ್ಲ. 2017ರ ಫೈನಲ್ಲಿನಲ್ಲಿ ಕ್ಲಾರ್ಕ್ಸನ್ ತಂಡ 3–0ರಿಂದ ಗೆದ್ದಿತು. ಮುಂದೆ 2022ರಲ್ಲಿ ಕೆನಡಾ ಪರ ಒಲಿಂಪಿಕ್ ಚಿನ್ನ ಬಂತು, ಅದು ಬೇರೆ ಮಾತು. ಅವಳ ಸೊಗಸಿಗೆ ದಕ್ಕದ ಪ್ರಶಸ್ತಿಯನ್ನು 2021ರಲ್ಲಿ ವಿಸ್ಕಾನ್ಸಿನ್ನಿಗೆ ತಂದುಕೊಟ್ಟ ಹೆಚ್ಚುವರಿ ಸಮಯದ ಗೋಲೋ, ಡ್ಯಾರಿಲ್ ವಾಟ್ಸ್ ಗೋಲಿನ ಹಿಂದಿನಿಂದ ದೂಡಿದ ಪಕ್ ಎದುರಾಳಿಯೊಬ್ಬಳ ಮೈಗೆ ತಗುಲಿ ಒಳಬಿದ್ದದ್ದು. ಕುರೂಪಿ ಗೋಲು. ಕಪ್ಪಿಗೆ ಸೌಂದರ್ಯದ ಹಂಗಿಲ್ಲ.

ಚೆಲುವಾದ ಗೋಲು ಬೇಕಿದ್ದರೆ 2025ರ ಮಾರ್ಚ್ 23ಕ್ಕೆ ಬರಬೇಕು. ಫೈನಲ್, ಎದುರಾಳಿ ಒಹಾಯೊ ಸ್ಟೇಟ್, ವಿಸ್ಕಾನ್ಸಿನ್ 2–3ರಿಂದ ಹಿಂದೆ. ಗೋಲಿನ ಬಾಯಲ್ಲಿ ನಡೆದ ಗೊಂದಲದಲ್ಲಿ ಒಹಾಯೊ ಆಟಗಾರ್ತಿಯೊಬ್ಬಳು ಪಕ್ಕನ್ನು ಕೈಯಿಂದ ಮುಚ್ಚಿದಳೆಂದು ವಿಡಿಯೊ ನೋಡಿ ತೀರ್ಪಾಯಿತು. ಪೆನಾಲ್ಟಿ ಶಾಟ್. ಉಳಿದದ್ದು 18.9 ಸೆಕೆಂಡ್. ಜಾನ್ಸನ್ ಕರೆದದ್ದು ಕರ್ಸ್ಟನ್ ಸಿಮ್ಸ್‌ಳನ್ನು. 2023ರ ಫೈನಲ್ಲಿನಲ್ಲಿ ಇದೇ ಒಹಾಯೊ ವಿರುದ್ಧ 1–0 ಗೆಲುವಿನ ಆ ಒಂದನ್ನು ಹೊಡೆದವಳೂ ಇವಳೇ, ಆಗಿನ್ನೂ ಮೊದಲ ವರ್ಷದವಳು.

ಪೆನಾಲ್ಟಿ ಶಾಟಿನಲ್ಲಿ ಗಡಿಯಾರ ನಿಂತಿರುತ್ತದೆ. ರಿಂಕಿನ ನಡುವಿನಿಂದ ಒಬ್ಬಳೇ ಹೊರಡಬೇಕು, ಪಕ್ ಮುಂದಕ್ಕೆ ಸಾಗುತ್ತಲೇ ಇರಬೇಕು, ಎದುರಿಗೆ ಗೋಲಿ ಒಬ್ಬಳೇ. ಯಾರು ಮೊದಲು ಅಲುಗುತ್ತಾರೋ ಅವರು ಸೋತಂತೆ. ಹತ್ತಿರವಾದಂತೆ ಕೋನ ಕಿರಿದಾಗುತ್ತದೆ, ಹೊಡೆದುಬಿಡು ಎಂದು ಕೈ ಪೀಡಿಸುತ್ತದೆ. ಸಿಮ್ಸ್ ಹೊಡೆಯಲಿಲ್ಲ. ಕೋಲಿನ ತುದಿಯಲ್ಲಿ ಪಕ್ಕನ್ನು ಆಡಿಸುತ್ತ ಬಂದಳು, ಇನ್ನೂ ಒಂದು ಗಳಿಗೆ ತಡೆದಳು, ಗೋಲಿ ಅಲುಗಿದಳು, ತೆರೆದ ಜಾಗಕ್ಕೆ ಪಕ್ ಹೋಯಿತು. 3–3.

ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ಮರಳಿ ಬಂದ ಪಕ್ಕೊಂದನ್ನು ಒಳಗೆ ದೂಡಿ ಪಂದ್ಯ ಗೆಲ್ಲಿಸಿದವಳೂ ಸಿಮ್ಸ್. ದಾಖಲೆಯಲ್ಲಿ ಮಿಂಚುವುದು ಆ ಎರಡನೆಯದೇ. ನಾನು ಮೊದಲನೆಯದನ್ನೇ ಇಟ್ಟುಕೊಳ್ಳುತ್ತೇನೆ. ಮ್ಯಾಡಿಸನ್ನಿನವರನ್ನು ಕೇಳಿದರೆ ಅವರು ಎರಡನ್ನೂ ಬಿಟ್ಟು ಮೂರನೆಯ ಸಂಗತಿ ಎತ್ತಬಹುದು: ಇದೆಲ್ಲ ನಡೆದದ್ದು ಮಿನಿಯಾಪೊಲಿಸ್‌ನ ರಿಡರ್ ಅರೀನಾದಲ್ಲಿ, ಅಂದರೆ ನೆರೆರಾಜ್ಯದ ಹಳೆಯ ಎದುರಾಳಿ ಮಿನೆಸೋಟದ ಸ್ವಂತ ಮನೆಯಲ್ಲಿ, ಅದೂ ಸೆಮಿಫೈನಲ್ಲಿನಲ್ಲಿ ಆ ಮನೆಯವರನ್ನೇ ಹೊರಗೆ ಕಳಿಸಿದ ಮೇಲೆ.