ದೆವ್ವಕ್ಕೆ ಯಾವ ಭಾಷೆ? ಹೊಸೂರಿನಿಂದ ‘ಆಪ್ತರಕ್ಷಕ’
2004ರ ‘ಆಪ್ತಮಿತ್ರ’ದ ನಾಗವಲ್ಲಿಯನ್ನು ‘ಆಪ್ತರಕ್ಷಕ’ (2010) ಒಂದು ಚಿತ್ರಪಟದ ಮೂಲಕ ಮತ್ತೆ ಕರೆತರುತ್ತೆ. ನಗು, ಭಯ ಎರಡೂ ಇವೆ. ನನ್ನ ಪ್ರಶ್ನೆ, ಈ ಭಯ ಹುಟ್ಟೋದು ಎಲ್ಲಿ? ಮೂಲ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ (1993) ನಾಗವಲ್ಲಿ ತಮಿಳಿನವಳು. ಪಿ. ವಾಸು ಅವಳನ್ನು ‘ಆಪ್ತಮಿತ್ರ’ದಲ್ಲೂ ತಮಿಳಿನ ‘ಚಂದ್ರಮುಖಿ’ಯಲ್ಲೂ (2005) ತೆಲುಗಿನವಳಾಗಿಸಿದರು. ಅಂದ್ರೆ, ದೆವ್ವ ಆಡೋದು ಪಕ್ಕದವರ ಭಾಷೆ. ಮನೆಯ ಹೆಣ್ಣು ಆ ಭಾಷೆ ಆಡಿದ ಕೂಡಲೇ ನಾವು ಬೆಚ್ಚಬೇಕು.

ಹೊಸೂರಲ್ಲಿ ಈ ಲೆಕ್ಕ ಕೈಕೊಡುತ್ತೆ. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳೇ. ಸಂತೆಯಲ್ಲಿ ದಿನಾ ಕೇಳೋ ತೆಲುಗು ತೆರೆಯ ಮೇಲೆ ದೆವ್ವವಾದಾಗ ನಮಗೆ ಮೊದಲು ನಗು, ಆಮೇಲೆ ಕಸಿವಿಸಿ. ತಮಿಳುನಾಡಲ್ಲಿ ಕನ್ನಡ ಮಾತಾಡೋ ನಾವೂ ಯಾರಿಗೋ ‘ಪಕ್ಕದವರೇ’ ಅಲ್ವಾ? ಎರಡನೆಯ ಭಾಗ ನಾಗವಲ್ಲಿಯನ್ನು ಮರಳಿ ತಂದಿತು, ಆದರೆ ಈ ಪ್ರಶ್ನೆಯನ್ನು ಮುಟ್ಟಲಿಲ್ಲ. ವಿಷ್ಣುವರ್ಧನ್ ತೀರಿಕೊಂಡ ಮೇಲೆ ತೆರೆಕಂಡ ಚಿತ್ರವೆಂಬ ಗೌರವ ನಮ್ಮನ್ನು ಅದನ್ನು ಕೇಳದಂತೆ ತಡೆಯಬಾರದು.