ಒಂದು ಮಗ್ಗುಲಿಗೆ ಹೊಳೆ, ಒಂದು ಮಗ್ಗುಲಿಗೆ ಕಡಲು

ಕುಂದಾಪುರ ಬಿಟ್ಟು ತ್ರಾಸಿ ದಾಟಿದರೆ ಗಾಡಿಯ ವೇಗ ತಾನಾಗಿಯೇ ತಗ್ಗುತ್ತದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಕಡಲಿನ ಇಷ್ಟು ಹತ್ತಿರ ಬಂದ ನದಿ ಅಲ್ಲಿ ಸೇರದೆ ತಿರುಗಿ, ಗಂಗೊಳ್ಳಿಯವರೆಗೆ ಹೋಗಿ ಸಮುದ್ರ ಸೇರುತ್ತದೆ. ಈ ತಿರುವೇ ಈ ದಾರಿಯ ಚೆಲುವು.

ಇಲ್ಲಿಂದ ಕಾರವಾರದವರೆಗೆ ಒಬ್ಬರೇ ಹೋಗಬೇಕು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಯಾರನ್ನೂ ಕೇಳಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿ, ಅಂಕೋಲಾ ಬಳಿ ಗಂಗಾವಳಿ, ಕಾರವಾರದಲ್ಲಿ ಕಾಳಿ ಅಡ್ಡ ಬರುತ್ತವೆ.

ಆದರೆ ಹೆಚ್ಚು ಹೊತ್ತು ಕೊಡಬೇಕಾದದ್ದು ಕುಮಟಾ ಕಡೆಯ ಅಘನಾಶಿನಿಗೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಅಪರೂಪದ ನದಿಯಿದು. ಇಳಿತದ ಹೊತ್ತಿಗೆ ಅಳಿವೆಯ ನೀರಿಗಿಳಿದ ಹೆಂಗಸರು ಕೈಯಿಂದಲೇ ತಡಕಿ ಬಳಚು ಎಂಬ ಚಿಪ್ಪುಜೀವಿಗಳನ್ನು ತೆಗೆದು ಬುಟ್ಟಿಗೆ ತುಂಬುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಬೈಕಿನಲ್ಲಿ ಬಂದವರು ಅಘನಾಶಿನಿ ಊರಿನಲ್ಲಿ ಬೈಕಿನ ಸಮೇತ ದೋಣಿಯಲ್ಲಿ ನದಿ ದಾಟಿ ತದಡಿಗಿಳಿಯಬಹುದು. ಹೆದ್ದಾರಿಯ ಸುತ್ತು ಉಳಿಯುವುದಿರಲಿ, ನದಿಯನ್ನು ಅದರ ಮಟ್ಟದಲ್ಲೇ ನೋಡುವ ಸುಖ ಸೇತುವೆಯ ಮೇಲೆ ಸಿಕ್ಕುವುದಿಲ್ಲ. ಗೋಕರ್ಣ ಅಲ್ಲಿಂದ ಹತ್ತಿರವೇ.

ಕಾರವಾರಕ್ಕೆ ಸಂಜೆಯೊಳಗೆ ತಲುಪಿದರೆ ಒಳ್ಳೆಯದು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಟ್ಯಾಗೋರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಈ ಊರಿನಲ್ಲೇ. ಕಡಲತೀರಕ್ಕೆ ಈಗ ಅವರದೇ ಹೆಸರು.